ಸಂಬಳ ಬಾಕಿ ಉಳಿದರೆ ಏನು ಮಾಡಬೇಕು? ಮೈಸೂರು, ಮಂಡ್ಯದ ಕಾರ್ಮಿಕರಿಗೆ ಲೆಕ್ಕದ ಹಾಳೆಯಿಂದ ವಸೂಲಿವರೆಗೆ

ಸಂಬಳ ಬಾಕಿ ಇಟ್ಟುಕೊಂಡ ಮಾಲೀಕರ ಬಾಯಲ್ಲಿ ಮೂರು ಮಾತು ಸದಾ ಇರುತ್ತವೆ. ಒಂದು, ‘ಮುಂದಿನ ವಾರ ಬಾ’. ಎರಡು, ‘ಬೇಕಾದ್ರೆ ಕೋರ್ಟಿಗೆ ಹೋಗು’. ಈಚೆಗೆ ಮೂರನೆಯದೂ ಸೇರಿಕೊಂಡಿದೆ: ‘ನಿನ್ನ ಅಪಾಯಿಂಟ್‌ಮೆಂಟ್ ಆರ್ಡರ್‌ನಲ್ಲೇ ಆರ್ಬಿಟ್ರೇಷನ್ ಅಂತ ಬರೆದಿದೆ, ಓದ್ಕೊ.’ ಆರ್ಬಿಟ್ರೇಷನ್ ಅಂದರೆ ಕೋರ್ಟಿನ ಬದಲು ಮಧ್ಯಸ್ಥರೊಬ್ಬರು ಜಗಳ ತೀರ್ಮಾನಿಸುವುದು. ಮೊದಲೆರಡು ಮಾತಿಗೆ ನಮ್ಮ ಜನ ಹೇಗೋ ಉತ್ತರ ಕೊಡುತ್ತಾರೆ. ಮೂರನೆಯದನ್ನು ಕೇಳಿದಾಗ ಮಾತ್ರ ಬೆಚ್ಚಿ ಮನೆಗೆ ಹೋಗಿಬಿಡುತ್ತಾರೆ. ಹಾಗೆ ಹೋಗಬೇಕಾಗಿಲ್ಲ. ಯಾಕೆ ಅಂತ ಆರನೇ ಹಂತದಲ್ಲಿ ಬರುತ್ತದೆ. ಆದರೆ ನೇರ ಅಲ್ಲಿಗೆ ಹಾರಬೇಡಿ. ಸಂಬಳದ ಕೇಸು ನಿಲ್ಲುವುದು ಬೀಳುವುದು ಬಹಳ ಮಟ್ಟಿಗೆ ಎರಡನೇ ಹಂತದಲ್ಲೇ ತೀರ್ಮಾನವಾಗುತ್ತದೆ.

ಕಾನೂನಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1936ರ ವೇತನ ಪಾವತಿ ಕಾಯ್ದೆ, 1948ರ ಕನಿಷ್ಠ ವೇತನ ಕಾಯ್ದೆ, ಬೋನಸ್ ಕಾಯ್ದೆಗಳ ಜಾಗಕ್ಕೆ 2019ರ ವೇತನ ಸಂಹಿತೆ ಬಂತು. 1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂತು. ಜನರ ಬಾಯಲ್ಲಿ, ವಕೀಲರ ಬಾಯಲ್ಲಿ ಹಳೆಯ ಸೆಕ್ಷನ್ ನಂಬರುಗಳೇ ಇನ್ನೂ ಓಡಾಡುತ್ತಿವೆ. ‘ತರ್ಟಿತ್ರೀ ಸಿ ಟೂ ಹಾಕಿ’ ಅಂತ ಯಾರಾದರೂ ಅಂದರೆ ಗಾಬರಿ ಬೇಡ. ಅದು ಹಳೆ ಕೈಗಾರಿಕಾ ವಿವಾದ ಕಾಯ್ದೆಯ 33ಸಿ(2), ಮಾಲೀಕರು ಕೊಡಬೇಕಾದ ಹಣವನ್ನು ಲೆಕ್ಕ ಹಾಕಿಸಿ ವಸೂಲು ಮಾಡುವ ದಾರಿ. ಅದೇ ದಾರಿ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 59ನೇ ಸೆಕ್ಷನ್ ಆಗಿದೆ, ಅಷ್ಟೇ.

ಹಂತ 1: ನಿಮ್ಮ ಮಾಲೀಕ ಯಾರು?

ಇದೇನು ಪ್ರಶ್ನೆ ಅನ್ನಿಸಬಹುದು. ಕೂರ್ಗಳ್ಳಿಯ ಕಾರ್ಖಾನೆಯಲ್ಲಿ ಹೌಸ್‌ಕೀಪಿಂಗ್ ಮಾಡುವ ಹೆಂಗಸಿನ ಬ್ಯಾಡ್ಜ್ ಒಂದು ಕಂಪನಿಯದು. ಸಂಬಳ ಬರುವುದು ಕಂಟ್ರಾಕ್ಟರ್ ಖಾತೆಯಿಂದ. ಪಿಎಫ್ ಕಟ್ಟಿರುವುದು ಮೂರನೆಯವರ ಹೆಸರಲ್ಲಿ. ಸಂಬಳ ನಿಂತ ದಿನ ಮೂವರೂ ಒಬ್ಬರ ಕಡೆ ಒಬ್ಬರು ಕೈ ತೋರಿಸುತ್ತಾರೆ.

ಹಾಗಾಗಿ ಮೊದಲು ಬ್ಯಾಂಕ್ ಪಾಸ್‌ಬುಕ್ ತೆಗೆಯಿರಿ. ಸಂಬಳ ಯಾವ ಹೆಸರಿನಿಂದ ಜಮಾ ಆಗಿದೆ ಅಂತ ನೋಡಿ. ಪಿಎಫ್ ಪಾಸ್‌ಬುಕ್‌ನಲ್ಲಿ ಸಂಸ್ಥೆಯ ಹೆಸರು ಇರುತ್ತದೆ, ಅದನ್ನೂ ಬರೆದುಕೊಳ್ಳಿ. ಇಎಸ್‌ಐ ಕಾರ್ಡ್ ಇದ್ದರೆ ಅದನ್ನೂ ನೋಡಿ. ಕಂಟ್ರಾಕ್ಟರ್ ಸಂಬಳ ಕೊಡದಿದ್ದರೆ, ಅವನಿಂದ ಕೆಲಸ ಮಾಡಿಸಿಕೊಂಡ ಮೂಲ ಕಂಪನಿಯೇ ಕೊಡಬೇಕು ಅಂತ ಕಾನೂನು ಹೇಳುತ್ತದೆ. ಆದ್ದರಿಂದ ಅರ್ಜಿಯಲ್ಲಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನೇ ಹಾಕಿದರೆ, ಆ ಒಬ್ಬ ಬೋರ್ಡು ಕಳಚಿಕೊಂಡು ಹೋದ ದಿನ ನಿಮ್ಮ ಆದೇಶ ಬರೀ ಕಾಗದವಾಗಿ ಉಳಿಯುತ್ತದೆ.

ಮಂಡ್ಯ, ಪಾಂಡವಪುರ, ಮದ್ದೂರು ಕಡೆಯ ಆಲೆಮನೆ ಮತ್ತು ಕಬ್ಬು ಕಡಿಯುವ ಕೆಲಸದ ಕತೆ ಬೇರೆ. ಅಲ್ಲಿ ಎಲ್ಲ ಬಾಯಿ ಮಾತು, ಮೇಸ್ತ್ರಿ ಕೈಯಲ್ಲಿ ಮುಂಗಡ. ಮಾತು ಬಾಯಲ್ಲೇ ಆಗಿದ್ದರೂ ಕೂಲಿಯ ಹಕ್ಕು ಹೋಗುವುದಿಲ್ಲ. ಆದರೆ ಮುಂಗಡ ತೀರಿಲ್ಲ ಅಂತ ಜಾಗ ಬಿಟ್ಟು ಹೋಗಲು ಬಿಡದೆ ಇಟ್ಟುಕೊಂಡಿದ್ದರೆ ಅದು ಸಂಬಳದ ತಕರಾರು ಅಲ್ಲ, ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ನೇರ ತಹಶೀಲ್ದಾರರ ಅಥವಾ ಉಪವಿಭಾಗಾಧಿಕಾರಿಗಳ ಹತ್ತಿರ ಹೋಗಿ. ಅಲ್ಲಿ ಸಂಧಾನ, ಲೆಕ್ಕ ಚುಕ್ತಾ ಅಂತ ಕೂರುವ ಮಾತೇ ಇಲ್ಲ.

ಖಾಸಗಿ ಶಾಲೆಯ ಟೀಚರ್‌ಗಳಿಗೆ ಒಂದು ಕಿವಿಮಾತು. ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ನೀವು ‘ಕಾರ್ಮಿಕ’ರಲ್ಲ ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಆದರೆ ವೇತನ ಸಂಹಿತೆ ‘ಉದ್ಯೋಗಿ’ ಅನ್ನುವ ದೊಡ್ಡ ಬುಟ್ಟಿಯಲ್ಲಿ ಸೂಪರ್‌ವೈಸರ್, ಮ್ಯಾನೇಜರ್‌ಗಳನ್ನೂ ಸೇರಿಸಿದೆ. ಹಳೆ ಕಾಯ್ದೆಯಲ್ಲಿ ತಿಂಗಳಿಗೆ 24,000 ರೂಪಾಯಿಗಿಂತ ಜಾಸ್ತಿ ಸಂಬಳ ಇದ್ದವರು ವೇತನ ಪಾವತಿ ಅಧಿಕಾರಿಯ ಹತ್ತಿರ ಹೋಗುವಂತಿರಲಿಲ್ಲ. ಈಗ ಆ ಮಿತಿ ಇಲ್ಲ. ಹಾಗಾಗಿ ನೀವು ಹಿಡಿಯಬೇಕಾದ್ದು ವೇತನ ಸಂಹಿತೆಯ ದಾರಿ.

ಹಂತ 2: ಲೆಕ್ಕದ ಹಾಳೆ

ಇಲ್ಲಿ ಒಂದು ಸಂಜೆ ಪೂರ್ತಿ ಕೂರಿ. ಜನ ಬಂದು ‘ಸಾರ್, ಸುಮಾರು ಒಂದು ಲಕ್ಷ ಬರಬೇಕು’ ಅನ್ನುತ್ತಾರೆ. ಸುಮಾರು ಅನ್ನುವ ಮೊತ್ತಕ್ಕೆ ಯಾವ ಅಧಿಕಾರಿಯೂ ಆದೇಶ ಬರೆಯಲು ಆಗುವುದಿಲ್ಲ. ಎದುರಿಗೆ ಕೂತ ಎಚ್‌ಆರ್‌ಗೆ ‘ಸುಮಾರು’ ಅನ್ನುವ ಪದ ಕೇಳಿದರೆ ಹಬ್ಬ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ತೂಬಿನಕೆರೆ ಕೈಗಾರಿಕಾ ಪ್ರದೇಶದ ಒಂದು ಘಟಕದಲ್ಲಿ ಪ್ಯಾಕಿಂಗ್ ಕೆಲಸ. ತಿಂಗಳ ಸಂಬಳ 18,200. ಫೆಬ್ರವರಿ, ಮಾರ್ಚ್ ಸಂಬಳ ಬಂದಿಲ್ಲ. ಏಪ್ರಿಲ್‌ನಲ್ಲಿ 9 ದಿನ ಕೆಲಸ ಮಾಡಿ ಬಿಟ್ಟಿದ್ದಾರೆ. ಲೆಕ್ಕ ಹೀಗೆ ಬರುತ್ತದೆ:

ದಿನದ ದರ: 18,200 ಭಾಗಿಸು 26 (ತಿಂಗಳ ಕೆಲಸದ ದಿನ), ಅಂದರೆ 700 ರೂಪಾಯಿ.
ಗಂಟೆ ದರ: 700 ಭಾಗಿಸು 8, ಅಂದರೆ 87.50.
ಫೆಬ್ರವರಿ, ಮಾರ್ಚ್ ಸಂಬಳ: 36,400.
ಏಪ್ರಿಲ್ 9 ದಿನ: 6,300.
ಓಟಿ (ಹೆಚ್ಚುವರಿ ಅವಧಿಯ ಕೆಲಸ) 40 ಗಂಟೆ, ಎರಡು ಪಟ್ಟು ದರದಲ್ಲಿ ಗಂಟೆಗೆ 175ರಂತೆ: 7,000.
ಹೇಳದೆ ಕೇಳದೆ ಯೂನಿಫಾರಂ ಹೆಸರಲ್ಲಿ ಹಿಡಿದದ್ದು: 1,200.
220 ದಿನ ದುಡಿದದ್ದಕ್ಕೆ, 20 ದಿನಕ್ಕೆ ಒಂದರಂತೆ 11 ದಿನದ ರಜೆ ಹಣ: 7,700.
ಒಟ್ಟು: 58,600.
ಕಳೆಯಬೇಕಾದ್ದು, ಪಡೆದ ಮುಂಗಡ: 5,000.
ಕೇಳುವ ಮೊತ್ತ: 53,600 ರೂಪಾಯಿ.

ಮುಂಗಡದ ಸಾಲನ್ನು ಬಿಡಬೇಡಿ. ‘ಅವರೇ ಹೇಳಲಿ ಬಿಡಿ’ ಅಂತ ಮುಚ್ಚಿಟ್ಟರೆ, ಎದುರಿನವರು ವೋಚರ್ ತೆಗೆದು ತೋರಿಸಿದ ಕ್ಷಣ ಅಧಿಕಾರಿಗೆ ನಿಮ್ಮ ಉಳಿದ ಸಾಲುಗಳ ಮೇಲೂ ಅನುಮಾನ ಬರುತ್ತದೆ. ನೀವೇ ಕಳೆದು ಬರೆದಿದ್ದರೆ ಆ ವೋಚರ್‌ಗೆ ಅಲ್ಲಿ ಕೆಲಸವೇ ಇಲ್ಲ.

ಇನ್ನೂ ಕೆಲವು ಸಾಲು ನಿಮ್ಮ ಹಾಳೆಗೆ ಸೇರಬಹುದು. ನಿಮ್ಮ ಕೆಲಸಕ್ಕೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟಿದ್ದರೆ ಆ ವ್ಯತ್ಯಾಸವನ್ನು ತಿಂಗಳು ತಿಂಗಳಿಗೆ ಬರೆಯಿರಿ. ಬೋನಸ್ ಬಾಕಿ ಇದ್ದರೆ ಅದನ್ನೂ ಬರೆಯಿರಿ. ಸಂಬಳದಲ್ಲಿ ಹಿಡಿಯಲು ಕಾನೂನು ಒಂದು ಪಟ್ಟಿ ಕೊಟ್ಟಿದೆ: ಪಿಎಫ್, ಇಎಸ್‌ಐ, ತೆರಿಗೆ, ಮುಂಗಡ, ಗೈರುಹಾಜರಿ ಇತ್ಯಾದಿ. ಆ ಪಟ್ಟಿಯ ಹೊರಗಿನದು ಹಿಡಿದಿದ್ದರೆ ವಾಪಸ್ ಕೇಳಿ. ಎಲ್ಲ ಸೇರಿಸಿದರೂ ಕಡಿತ ಒಂದು ಸಂಬಳದ ಅರ್ಧ ದಾಟುವಂತಿಲ್ಲ.

ಗ್ರಾಚುಟಿ, ಅಂದರೆ ವರ್ಷಗಟ್ಟಲೆ ದುಡಿದದ್ದಕ್ಕೆ ಕೆಲಸ ಬಿಡುವಾಗ ಸಿಗುವ ಹಣ, ಈ ಹಾಳೆಗೆ ಸೇರುವುದಿಲ್ಲ. ಅದಕ್ಕೆ ಬೇರೆ ಅರ್ಜಿ, ಬೇರೆ ಅಧಿಕಾರಿ. ಸೂತ್ರ ಮಾತ್ರ ಸುಲಭ: ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸರ್ವಿಸ್ ವರ್ಷಗಳಿಂದ ಗುಣಿಸಿ. ಮಾಮೂಲಿಯಾಗಿ ಐದು ವರ್ಷದ ಸರ್ವಿಸ್ ಬೇಕು. ಪಿಎಫ್ ಕಟ್ಟದಿದ್ದರೆ ಅದು ಪಿಎಫ್ ಕಚೇರಿಯ ವಿಷಯ.

ಪ್ರತಿ ಸಾಲಿನ ಎದುರಿಗೂ ಪುರಾವೆ ಏನು ಅಂತ ಬರೆಯಿರಿ. ಸಂಬಳ ಚೀಟಿ, ಪಾಸ್‌ಬುಕ್ ಪುಟ, ಪಂಚಿಂಗ್ ಮೆಷಿನ್ ಮುಂದೆ ನಿಂತು ತೆಗೆದ ಫೋಟೊ, ‘ನಾಳೆ ಭಾನುವಾರ ಬರ್ಬೇಕು’ ಅಂತ ಸೂಪರ್‌ವೈಸರ್ ಹಾಕಿದ ವಾಟ್ಸ್‌ಆಪ್ ಮೆಸೇಜು, ಕಂಪನಿ ಬಸ್ಸಿನ ಪಾಸು, ಗೇಟಿನ ಟೋಕನ್, ಏನಿದೆಯೋ ಅದು. ಓಟಿ ಸಾಬೀತಿಗೆ ಅತ್ಯಂತ ಸರಳ ವಸ್ತು ನೀವೇ ದಿನಾ ಬರೆದಿಟ್ಟ ಒಂದು ಪಾಕೆಟ್ ಡೈರಿ. ಅದನ್ನು ಒಂದೇ ದಿನ ಕೂತು ಒಂದೇ ಪೆನ್ನಿನಲ್ಲಿ ತುಂಬಿದರೆ ನೋಡಿದವರಿಗೆ ಗೊತ್ತಾಗುತ್ತದೆ, ಆ ಕೆಲಸ ಬೇಡ.

ಪುರಾವೆ ಕಡಿಮೆ ಅಂತ ಕೈಚೆಲ್ಲಲೂ ಬೇಡಿ. ಸಂಬಳ ಕೊಟ್ಟಿದ್ದೇವೆ ಅಂತ ಸಾಬೀತು ಮಾಡುವ ಹೊಣೆ ಮಾಲೀಕರದ್ದು ಅಂತ ವೇತನ ಸಂಹಿತೆಯ 59ನೇ ಸೆಕ್ಷನ್ ಹೇಳುತ್ತದೆ. ನೀವು ಅಲ್ಲಿ ದುಡಿದಿರಿ ಅನ್ನುವುದನ್ನು ತೋರಿಸಿದರೆ, ಹಾಜರಿ ಪುಸ್ತಕ, ವೇತನ ರಿಜಿಸ್ಟರ್ ತಂದು ತೋರಿಸಬೇಕಾದವರು ಅವರು. (ಎರಡೂ ಸಂಹಿತೆಗಳಲ್ಲಿ 59ನೇ ಸೆಕ್ಷನ್ ಇದೆ. ಅರ್ಜಿ ಬರೆಯುವಾಗ ಯಾವ ಸಂಹಿತೆ ಅಂತ ಬರೆಯದಿದ್ದರೆ ಗೊಂದಲ ಆಗುತ್ತದೆ.)

ಹಂತ 3: ಒಂದು ಪತ್ರ

ವಕೀಲರ ನೋಟಿಸೇ ಬೇಕು ಅಂತಿಲ್ಲ. ಬಿಳಿ ಹಾಳೆಯಲ್ಲಿ ನೀವೇ ಬರೆಯಬಹುದು. ಬೈಗುಳ, ಬೆದರಿಕೆ, ಗೋಳು ಬೇಡ. ಹೀಗಿದ್ದರೆ ಸಾಕು:

“ನಾನು ನಿಮ್ಮ ಸಂಸ್ಥೆಯಲ್ಲಿ ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ಇದರ ಜೊತೆಗಿರುವ ಲೆಕ್ಕದ ಪ್ರಕಾರ ನನಗೆ 53,600 ರೂಪಾಯಿ ಬರಬೇಕಿದೆ. ಈ ಪತ್ರ ತಲುಪಿದ 10 ದಿನದೊಳಗೆ ನನ್ನ ಬ್ಯಾಂಕ್ ಖಾತೆಗೆ ಜಮಾ ಮಾಡಿ. ಲೆಕ್ಕದಲ್ಲಿ ತಕರಾರಿದ್ದರೆ ಯಾವ ಸಾಲಿನ ಬಗ್ಗೆ ಅಂತ ಬರಹದಲ್ಲಿ ತಿಳಿಸಿ.”

ಕೊನೆಯ ವಾಕ್ಯಕ್ಕೆ ಬೆಲೆ ಜಾಸ್ತಿ. ಉತ್ತರ ಬಂದರೆ ಜಗಳ ಎಷ್ಟು ಸಾಲಿನದು ಅಂತ ಗೊತ್ತಾಗುತ್ತದೆ. ಉತ್ತರ ಬರದಿದ್ದರೆ ಆ ಮೌನವೇ ನಿಮ್ಮ ಕಡತದಲ್ಲಿ ಒಂದು ಪುಟವಾಗುತ್ತದೆ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ, ಇಮೇಲ್ ಇದ್ದರೆ ಅದಕ್ಕೂ ಹಾಕಿ. ತಿಂಗಳ ಸಂಬಳ ಮುಂದಿನ ತಿಂಗಳು 7ನೇ ತಾರೀಕಿನೊಳಗೆ ಬರಬೇಕು. ಕೆಲಸ ಬಿಟ್ಟರೂ, ತೆಗೆದುಹಾಕಿದರೂ, ಎರಡು ಕೆಲಸದ ದಿನದೊಳಗೆ ಬಾಕಿ ವೇತನ ಕೊಡಬೇಕು. ಈ ಎರಡು ಮಾತು ಪತ್ರದಲ್ಲಿ ಇರಲಿ.

ಪತ್ರ ತಲುಪಿದ ಮೇಲೆ ಕೆಲವರು ಕರೆಸಿ ಅರ್ಧ ದುಡ್ಡು ಎದುರಿಗಿಟ್ಟು, ‘ಫುಲ್ ಅಂಡ್ ಫೈನಲ್’ ಕಾಗದಕ್ಕೆ ಸೈನ್ ಹಾಕು ಅನ್ನುತ್ತಾರೆ. ಮನೆಯಲ್ಲಿ ಬಾಡಿಗೆ ಕಟ್ಟಬೇಕು, ದುಡ್ಡು ಬೇಕೇ ಬೇಕು. ತೆಗೆದುಕೊಳ್ಳಿ, ಆದರೆ ಸಹಿಯ ಮೇಲೆ ನಿಮ್ಮ ಕೈಯಲ್ಲೇ ‘ಉಳಿದ ಬಾಕಿಯ ಹಕ್ಕು ಕಾಯ್ದಿರಿಸಿ ಇಷ್ಟು ರೂಪಾಯಿ ಪಡೆದಿದ್ದೇನೆ’ ಅಂತ ಬರೆಯಿರಿ. ಕಾನೂನು ಕೊಟ್ಟ ವೇತನದ ಹಕ್ಕನ್ನೇ ಬಿಟ್ಟುಕೊಡುವ ಒಪ್ಪಂದ ನಿಲ್ಲುವುದಿಲ್ಲ ಅಂತ ಸಂಹಿತೆ ಹೇಳುತ್ತದೆ. ಆದರೂ ಆ ಸಹಿಯನ್ನು ಆಮೇಲೆ ಕಿತ್ತುಹಾಕಿಸುವ ಗೋಜು ಯಾಕೆ, ಅಲ್ವಾ?

ಹಂತ 4: ಕಾರ್ಮಿಕ ಇಲಾಖೆಗೆ ಅರ್ಜಿ

ರಾಜ್ಯದ ಕಾರ್ಮಿಕ ಇಲಾಖೆಯಲ್ಲಿ ಕೆಳಗಿನಿಂದ ಮೇಲೆ ಕಾರ್ಮಿಕ ನಿರೀಕ್ಷಕರು, ಕಾರ್ಮಿಕ ಅಧಿಕಾರಿ, ಸಹಾಯಕ ಕಾರ್ಮಿಕ ಆಯುಕ್ತರು ಅಂತ ಇದ್ದಾರೆ. ಕೆಲಸದ ಜಾಗ ಯಾರ ವ್ಯಾಪ್ತಿಗೆ ಬರುತ್ತದೋ ಅವರಿಗೆ ಅರ್ಜಿ. ನೀವು ಮಳವಳ್ಳಿಯಿಂದ ಬಂದವರಾದರೂ ಕೆಲಸ ಹೆಬ್ಬಾಳದ್ದಾದರೆ ಮೈಸೂರು ಕಚೇರಿ. ಕೆಲಸ ಸೋಮನಹಳ್ಳಿ ಅಥವಾ ಗೆಜ್ಜಲಗೆರೆಯದ್ದಾದರೆ ಮಂಡ್ಯ ಕಚೇರಿ. ರೈಲ್ವೆ, ಬ್ಯಾಂಕು, ಅವುಗಳ ಕಂಟ್ರಾಕ್ಟ್ ಕೆಲಸದವರಾದರೆ ಕೇಂದ್ರದ ಕಾರ್ಮಿಕ ಆಯುಕ್ತರ ಕಚೇರಿ, ರಾಜ್ಯದ್ದಲ್ಲ. ಇಲ್ಲಿ ತಪ್ಪಿದರೆ ತಿಂಗಳುಗಟ್ಟಲೆ ಹಾಳಾಗುತ್ತದೆ.

ಅರ್ಜಿ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಮುದ್ರೆ, ತಾರೀಕು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳದೆ ಟೇಬಲ್ ಬಿಟ್ಟು ಏಳಬೇಡಿ. ‘ಇಟ್ಟು ಹೋಗಿ, ನೋಡ್ತೀವಿ’ ಅಂದರೆ ನಗುತ್ತಲೇ ‘ಒಂದು ಸೀಲ್ ಹಾಕಿಕೊಡಿ ಸಾರ್’ ಅನ್ನಿ.

ನೀವೇ ಅರ್ಜಿ ಕೊಡಬಹುದು, ನಿಮ್ಮ ನೋಂದಾಯಿತ ಯೂನಿಯನ್ ಕೊಡಬಹುದು, ನಿರೀಕ್ಷಕರೇ ಕೊಡಬಹುದು. ಹಲವರ ಬಾಕಿ ಇದ್ದರೆ ಒಟ್ಟಿಗೇ ಕೊಡಿ. ವೇತನ ಸಂಹಿತೆಯ 45ನೇ ಸೆಕ್ಷನ್ ಪ್ರಕಾರ ಅಧಿಕಾರಿ ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದು. ಹತ್ತು ಪಟ್ಟು ಅನ್ನುವುದು ಮೇಲ್ಮಿತಿ, ಎಲ್ಲರಿಗೂ ಸಿಗುವುದಲ್ಲ. ಆದರೆ ಕೇಳದಿದ್ದರೆ ಸೊನ್ನೆ. ಪರಿಹಾರವನ್ನೂ ಕೊಡಿಸಿ ಅಂತ ಅರ್ಜಿಯ ಕೊನೆಯಲ್ಲಿ ಒಂದು ಸಾಲು ಬರೆದೇ ಬರೆಯಿರಿ. ಮೂರು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕು ಅಂತ ಕಾನೂನಿನಲ್ಲಿದೆ. ಎಷ್ಟೋ ಸಲ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ, ಮನಸ್ಸು ಗಟ್ಟಿ ಇರಲಿ.

ಗಡುವಿನ ಬಗ್ಗೆ ಸ್ವಲ್ಪ ಹುಷಾರು. ಹೊಸ ಸಂಹಿತೆ ಮೂರು ವರ್ಷ ಕೊಟ್ಟಿದೆ. ಹಳೆ ವೇತನ ಪಾವತಿ ಕಾಯ್ದೆಯಲ್ಲಿ ಇದ್ದದ್ದು 12 ತಿಂಗಳು, ಕನಿಷ್ಠ ವೇತನದ್ದಾದರೆ ಬರೀ ಆರು ತಿಂಗಳು. ನಿಮ್ಮ ಬಾಕಿ 2025ರ ನವೆಂಬರ್‌ಗಿಂತ ಹಿಂದಿನದಾದರೆ ಎದುರಿನವರು ಹಳೆ ಗಡುವನ್ನೇ ಎತ್ತಿ ಹಿಡಿಯುತ್ತಾರೆ. ತಡವಾಗಿದ್ದರೆ ಯಾಕೆ ತಡವಾಯಿತು ಅಂತ ಕಾರಣ ಬರೆದು, ಆಸ್ಪತ್ರೆ ಚೀಟಿಯೋ ಮತ್ತೊಂದೋ ಲಗತ್ತಿಸಿ.

ದುಡ್ಡಿಲ್ಲ, ಬರೆಯಲು ಬರುವುದಿಲ್ಲ ಅನ್ನುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಕೈಗಾರಿಕಾ ಕಾರ್ಮಿಕರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಹಂತ 5: ಸಂಧಾನದ ಮೇಜು

ಅಧಿಕಾರಿ ಎರಡೂ ಕಡೆಯವರನ್ನು ಕರೆಸುತ್ತಾರೆ. ಮೊದಲ ತಾರೀಕಿಗೆ ಕಂಪನಿ ಕಡೆಯಿಂದ ಯಾರೂ ಬರುವುದಿಲ್ಲ, ಎರಡನೆಯದಕ್ಕೆ ‘ಟೈಮ್ ಬೇಕು’ ಅನ್ನುತ್ತಾರೆ. ಇದು ಮಾಮೂಲು. ನೀವು ಮಾತ್ರ ಒಂದು ತಾರೀಕೂ ತಪ್ಪಿಸಬೇಡಿ, ಹಾಜರಿಯ ಸಹಿ ಹಾಕಿಯೇ ಬನ್ನಿ. ಸಂಧಾನದಲ್ಲಿ ವಕೀಲರಿಗೆ ಪ್ರವೇಶ ಇಲ್ಲ. ಎದುರಿಗೆ ಕೋಟು ಹಾಕಿದವರು ಬಂದು ಕೂತರೆ ಆಕ್ಷೇಪ ಹೇಳುವ ಹಕ್ಕು ನಿಮಗಿದೆ.

ಚೌಕಾಸಿ ನಡೆಯುತ್ತದೆ. ಲೆಕ್ಕದ ಹಾಳೆಯನ್ನು ಎರಡು ಭಾಗ ಮಾಡಿಕೊಂಡು ಹೋಗಿ. ಸಂಬಳ, ದುಡಿದ ದಿನ, ರಜೆ ಹಣದಲ್ಲಿ ಒಂದು ರೂಪಾಯಿಯೂ ಬಿಡಬೇಡಿ. ಬಿಡುವುದಾದರೆ ಪರಿಹಾರದ ಮೊತ್ತದಲ್ಲಿ, ಪುರಾವೆ ತೆಳುವಾಗಿರುವ ಓಟಿ ಗಂಟೆಗಳಲ್ಲಿ ಬಿಡಬಹುದು. ಇದು ನನ್ನ ಅಭಿಪ್ರಾಯ. ಯೂನಿಯನ್‌ನಲ್ಲಿ ಹಳಬರು ಕೆಲವರು ಏನನ್ನೂ ಬಿಡಬಾರದು ಅನ್ನುತ್ತಾರೆ. ಅವರಿಗೆ ಪ್ರತಿ ತಿಂಗಳು ಗ್ಯಾರಂಟಿ ಸಂಬಳ ಇರುತ್ತದೆ, ನಿಮಗೆ ಇರುವುದಿಲ್ಲ.

ರಾಜಿ ಆದರೆ ಅಧಿಕಾರಿಯ ಮುಂದೆಯೇ ಬರಹದಲ್ಲಿ ಆಗಬೇಕು. ಮೊತ್ತ, ಕಂತಿನ ತಾರೀಕು, ಯಾವ ಖಾತೆಗೆ ಅನ್ನುವುದು ಬೇಕೇ ಬೇಕು. ಜೊತೆಗೆ ‘ಒಂದು ಕಂತು ತಪ್ಪಿದರೂ ಉಳಿದ ಪೂರ್ತಿ ಮೊತ್ತ ತಕ್ಷಣ ಕೊಡಬೇಕು’ ಅನ್ನುವ ಸಾಲು ಹಾಕಿಸಿ. ಸರ್ವಿಸ್ ಸರ್ಟಿಫಿಕೇಟ್ ಮತ್ತು ಪಿಎಫ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ನಮೂದಿಸುವ ವಿಷಯವೂ ಅದರಲ್ಲೇ ಬರಲಿ. ಆಮೇಲೆ ಅದಕ್ಕಾಗಿ ಗೇಟಿನ ಹತ್ತಿರ ಕಾಯುವುದು ಬೇಡ. ಮುಂದಿನ ತಾರೀಕಿನ ಚೆಕ್ ಕೊಟ್ಟು ಅದು ಬೌನ್ಸ್ ಆದರೆ, ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು, ಕೊಡಲು 15 ದಿನ ಬಿಡಬೇಕು, ಆಮೇಲಿನ ಒಂದು ತಿಂಗಳಲ್ಲಿ ಚೆಕ್ ಕೇಸು ಹಾಕಬೇಕು. ಈ ಮೂರು ಗಡುವಿನಲ್ಲಿ ಒಂದು ತಪ್ಪಿದರೂ ಆ ದಾರಿ ಮುಚ್ಚಿಹೋಗಬಹುದು.

ಹಂತ 6: ಆರ್ಬಿಟ್ರೇಷನ್ ಅಂದರೆ ಎರಡು

ಈಗ ಆ ಮೂರನೇ ಮಾತಿಗೆ ಬರೋಣ. ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆ ಇವೆ.

ಒಂದು, ಅಪಾಯಿಂಟ್‌ಮೆಂಟ್ ಆರ್ಡರ್‌ನ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಇರುವುದು. ‘ಎಲ್ಲ ವಿವಾದಗಳನ್ನೂ ಕಂಪನಿ ನೇಮಿಸುವ ಆರ್ಬಿಟ್ರೇಟರ್ ತೀರ್ಮಾನಿಸುತ್ತಾರೆ, ಜಾಗ ಬೆಂಗಳೂರು ಅಥವಾ ಮುಂಬೈ.’ ಇದು 1996ರ ಮಧ್ಯಸ್ಥಿಕೆ ಮತ್ತು ಸಂಧಾನ ಕಾಯ್ದೆಯದು. ವ್ಯಾಪಾರಿಗಳ ನಡುವಿನ ಜಗಳಕ್ಕೆ ಹೇಳಿಮಾಡಿಸಿದ್ದು. ಕಾರ್ಮಿಕ ಕಾನೂನು ತಾನೇ ಒಂದು ಅಧಿಕಾರಿಯನ್ನು, ಒಂದು ಕೋರ್ಟನ್ನು ಗೊತ್ತುಮಾಡಿಟ್ಟಿರುವ ವಿಷಯಗಳಿಗೆ ಇದು ಸಲ್ಲುವುದಿಲ್ಲ ಅಂತ ಬಾಂಬೆ ಹೈಕೋರ್ಟ್ 2012ರಲ್ಲೂ, ನಮ್ಮ ಕರ್ನಾಟಕ ಹೈಕೋರ್ಟ್ 2017ರಲ್ಲೂ ಹೇಳಿವೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಉದ್ಯೋಗಿಯೊಬ್ಬರು ವೇತನ ಪಾವತಿ ಅಧಿಕಾರಿಯ ಮುಂದೆ ಅರ್ಜಿ ಹಾಕಿದ ಮೇಲೆ ಕಂಪನಿ ಆರ್ಬಿಟ್ರೇಷನ್ ಅಸ್ತ್ರ ಬಿಟ್ಟಿತ್ತು. ಇದು ಕಾನೂನಿನ ದುರುಪಯೋಗ ಅಂದ ಕೋರ್ಟು, ಕಂಪನಿಯೇ ಉದ್ಯೋಗಿಗೆ 5 ಲಕ್ಷ ರೂಪಾಯಿ ಖರ್ಚು ಕೊಡಬೇಕು ಅಂತ ಆದೇಶಿಸಿತು. ಹಾಗಾಗಿ ಆ ಸಣ್ಣಕ್ಷರ ತೋರಿಸಿದರೆ ಸಂಬಳದ ಅರ್ಜಿ ವಾಪಸ್ ತೆಗೆದುಕೊಳ್ಳಬೇಡಿ.

ಇಲ್ಲಿ ಒಂದು ಎಚ್ಚರ. ಆರ್ಬಿಟ್ರೇಟರ್ ನೋಟಿಸು ಅಂತ ಒಂದು ಬಂದರೆ ಹರಿದು ಬಿಸಾಡಬೇಡಿ. ‘ಇದು ವೇತನದ ವಿಷಯ, ಕಾನೂನಿನಡಿ ಅಧಿಕಾರಿಯ ಮುಂದಿದೆ, ನಿಮಗೆ ಅಧಿಕಾರ ಇಲ್ಲ, ನಿಮ್ಮ ನೇಮಕಕ್ಕೆ ನನ್ನ ಒಪ್ಪಿಗೆಯೂ ಇಲ್ಲ’ ಅಂತ ಒಂದು ಪುಟ ಉತ್ತರ ಕಳಿಸಿ, ಅದರ ಪ್ರತಿಯನ್ನು ಕಾರ್ಮಿಕ ಅಧಿಕಾರಿಯ ಕಡತಕ್ಕೂ ಸೇರಿಸಿ. ಹಣದಲ್ಲಿ ಆಸಕ್ತಿ ಇರುವ ಒಂದು ಕಡೆಯವರೇ ಆರ್ಬಿಟ್ರೇಟರನ್ನು ಏಕಪಕ್ಷೀಯವಾಗಿ ನೇಮಿಸುವಂತಿಲ್ಲ ಅಂತಲೂ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಸುಮ್ನೆ ಕೂತರೆ ಎಕ್ಸ್‌ಪಾರ್ಟಿ ಆದೇಶ, ಅಂದರೆ ನಿಮ್ಮ ಮಾತು ಕೇಳದೆಯೇ ಆದ ಆದೇಶ, ಹಿಡಿದುಕೊಂಡು ಬರುತ್ತಾರೆ, ಅದನ್ನು ರದ್ದು ಮಾಡಿಸಲು ನೀವು ಓಡಾಡಬೇಕಾಗುತ್ತದೆ.

ಇನ್ನೊಂದು ಆರ್ಬಿಟ್ರೇಷನ್ ಕಾರ್ಮಿಕ ಕಾನೂನಿನ ಒಳಗಿನದೇ. ಹಳೆ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ 10-ಎ, ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 42ನೇ ಸೆಕ್ಷನ್. ಮಾಲೀಕರು ಮತ್ತು ಕಾರ್ಮಿಕರು ಇಬ್ಬರೂ ಒಪ್ಪಿ, ಬರಹದಲ್ಲಿ ಸಹಿ ಹಾಕಿ, ಇಬ್ಬರಿಗೂ ನಂಬಿಕೆ ಇರುವ ಒಬ್ಬರ ಕೈಗೆ ವಿವಾದ ಒಪ್ಪಿಸುವುದು. ಊರಿನ ಪಂಚಾಯ್ತಿ ಕಟ್ಟೆಯ ನ್ಯಾಯದ ಹಾಗೆ ಕಾಣುತ್ತದೆ, ಆದರೆ ಇಲ್ಲಿ ಹೇಳಿದ ತೀರ್ಪು ಕಾನೂನಿನ ಬಲದಲ್ಲಿ ವಸೂಲಾಗುತ್ತದೆ. 1996ರ ಕಾಯ್ದೆ ಇದಕ್ಕೆ ಅನ್ವಯಿಸುವುದಿಲ್ಲ.

ಇದು ಯಾರಿಗೆ ಒಳ್ಳೆಯದು? ಒಬ್ಬರ 53,600 ರೂಪಾಯಿಗೆ ಬೇಡ, ನಾಲ್ಕನೇ ಹಂತದ ಅಧಿಕಾರಿಯೇ ಸಾಕು. ಆದರೆ ಒಂದು ಕಾರ್ಖಾನೆಯ ಹತ್ತಾರು ಜನರ ಭತ್ಯೆ, ಪ್ರೊಡಕ್ಷನ್ ಇನ್ಸೆಂಟಿವ್‌ನ ಲೆಕ್ಕ, ಯಾವ ಗ್ರೇಡಿಗೆ ಎಷ್ಟು ಅನ್ನುವಂಥ ಜಗಳ ಇದ್ದು, ಕಂಪನಿಯೂ ನಡೆಯುತ್ತಿದ್ದು, ಎರಡೂ ಕಡೆಗೂ ಮುಂದೆ ಒಟ್ಟಿಗೆ ಬಾಳಬೇಕಿದ್ದರೆ ಇದು ಬೇಗ ಮುಗಿಯುವ ದಾರಿ. ನಮ್ಮಲ್ಲಿ ಬಳಕೆ ಬಹಳ ಕಡಿಮೆ ಅನ್ನುವುದು ಬೇಸರದ ಸಂಗತಿ.

ಒಪ್ಪಿಕೊಳ್ಳುವುದಾದರೆ ಒಪ್ಪಂದದ ಕಾಗದದಲ್ಲಿ ಇವನ್ನು ನೋಡಿ. ವಿವಾದ ಏನು ಅನ್ನುವುದು ಒಂದೊಂದೇ ಪ್ರಶ್ನೆಯಾಗಿ ಇರಬೇಕು. ‘ಎಲ್ಲ ವಿಷಯಗಳೂ’ ಅಂತ ಬರೆದರೆ ನಿಮ್ಮ ಗ್ರಾಚುಟಿಯೂ ಅದರೊಳಗೆ ಸಿಕ್ಕಿಹಾಕಿಕೊಳ್ಳಬಹುದು. ಆರ್ಬಿಟ್ರೇಟರ್ ಹೆಸರು ಇರಲಿ, ಅವರ ಒಪ್ಪಿಗೆ ಪತ್ರ ಜೊತೆಗಿರಲಿ. ಇಬ್ಬರನ್ನು ನೇಮಿಸಿದರೆ ಅವರಲ್ಲಿ ಭಿನ್ನಾಭಿಪ್ರಾಯ ಬಂದಾಗ ತೀರ್ಮಾನಿಸುವ ಮೂರನೆಯವರ ಹೆಸರನ್ನೂ ಮೊದಲೇ ಬರೆಯಬೇಕು. ಇಷ್ಟು ದಿನದೊಳಗೆ ತೀರ್ಪು ಬರಬೇಕು ಅಂತ ಗಡುವು ಹಾಕಿ. ಆರ್ಬಿಟ್ರೇಟರ್ ಫೀಸು ಕಂಪನಿಯದು ಅಂತ ಬರೆಸಿ. ತಕರಾರೇ ಇಲ್ಲದ ಮೊತ್ತವನ್ನು ಮೊದಲೇ ಕೊಟ್ಟುಬಿಡಬೇಕು ಅಂತಲೂ ಬರೆಸಿ. ಪ್ರತಿಯನ್ನು ಸರ್ಕಾರಕ್ಕೆ, ಸಂಧಾನಾಧಿಕಾರಿಗೆ ಕಳಿಸಬೇಕು. ಇದನ್ನು ಕಂಪನಿ ಕಳಿಸುತ್ತದೆ ಅಂತ ಬಿಡಬೇಡಿ, ಯೂನಿಯನ್ನೇ ಕಳಿಸಿ ಮುದ್ರೆ ಹಾಕಿಸಿಕೊಳ್ಳಲಿ.

ಯಾರನ್ನು ಆರಿಸಬೇಕು? ನಿವೃತ್ತ ಕಾರ್ಮಿಕ ಅಧಿಕಾರಿಗಳು, ನಿವೃತ್ತ ನ್ಯಾಯಾಧೀಶರು ಮೈಸೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಂಪನಿಯ ಹಳೆ ಲೀಗಲ್ ಅಡ್ವೈಸರ್ ಬೇಡ. ನಿಮ್ಮ ಯೂನಿಯನ್ನಿನ ಹಳೆ ಅಧ್ಯಕ್ಷರೂ ಬೇಡ, ಎದುರಿನವರು ಒಪ್ಪುವುದಿಲ್ಲ.

ಹಂತ 7: ಲೇಬರ್ ಕೋರ್ಟ್

ಮೈಸೂರಿನಲ್ಲಿ ಲೇಬರ್ ಕೋರ್ಟ್ ಇದೆ, ಮಂಡ್ಯದವರ ಕೇಸುಗಳೂ ಅಲ್ಲಿಗೇ ಬರುತ್ತವೆ. ಹೊಸ ಸಂಹಿತೆಯ ಟ್ರಿಬ್ಯೂನಲ್‌ಗಳು ರಚನೆಯಾಗುವವರೆಗೆ ಹಳೆ ಕೋರ್ಟುಗಳೇ ಕೆಲಸ ಮಾಡುತ್ತವೆ. ಸಂಧಾನ ಮುರಿದುಬಿದ್ದರೆ ಅದರ ವರದಿ ಕೈಗೆ ಬಂದ 90 ದಿನದೊಳಗೆ ನೇರ ಅರ್ಜಿ ಹಾಕಬಹುದು.

ಇಲ್ಲಿ ಒಂದು ಭೇದ ಗೊತ್ತಿರಲಿ. ಹಕ್ಕು ಇದೆ, ಬರೀ ಲೆಕ್ಕ ಹಾಕಿ ಕೊಡಿಸಬೇಕು ಅನ್ನುವಂತಿದ್ದರೆ ‘ತರ್ಟಿತ್ರೀ ಸಿ ಟೂ’ ದಾರಿ. ಹಕ್ಕು ಇದೆಯೋ ಇಲ್ಲವೋ ಅನ್ನುವುದೇ ಜಗಳವಾದರೆ ಅದು ಕೆಲಸಕ್ಕೆ ಬರುವುದಿಲ್ಲ. ದೆಹಲಿ ಮಹಾನಗರ ಪಾಲಿಕೆಯ ದಿನಗೂಲಿ ನೌಕರರು ಕಾಯಂ ನೌಕರರಷ್ಟೇ ಸಂಬಳ ಬೇಕು ಅಂತ ಈ ದಾರಿಯಲ್ಲಿ ಹೋಗಿದ್ದರು. ಮೊದಲು ಆ ಹಕ್ಕು ತೀರ್ಮಾನವಾಗಲಿ, ಆಮೇಲೆ ಲೆಕ್ಕ ಅಂತ 1995ರಲ್ಲಿ ಸುಪ್ರೀಂ ಕೋರ್ಟ್ ಕೈಬಿಟ್ಟಿತು. ಅಂಥ ಬೇಡಿಕೆ ಇದ್ದರೆ ಕೈಗಾರಿಕಾ ವಿವಾದವಾಗಿಯೇ ಎತ್ತಬೇಕು, ಇಲ್ಲವೇ ಮೇಲೆ ಹೇಳಿದ ಒಪ್ಪಿತ ಆರ್ಬಿಟ್ರೇಷನ್‌ಗೆ ಒಯ್ಯಬೇಕು.

ಹಂತ 8: ಆದೇಶ ಬಂತು, ದುಡ್ಡು?

ಆದೇಶ ಬಂದ ಮೇಲೂ ಎಷ್ಟೋ ಮಾಲೀಕರು ಕೊಡುವುದಿಲ್ಲ. ಆಗ ಅಧಿಕಾರಿ ವಸೂಲಿ ಪ್ರಮಾಣಪತ್ರವನ್ನು ಜಿಲ್ಲಾಧಿಕಾರಿಗೆ ಕಳಿಸುತ್ತಾರೆ. ಅಲ್ಲಿಂದ ತಹಶೀಲ್ದಾರರು ಭೂ ಕಂದಾಯದ ಬಾಕಿ ವಸೂಲು ಮಾಡುವ ಹಾಗೆ ವಸೂಲು ಮಾಡಬೇಕು. ಆರ್ಬಿಟ್ರೇಷನ್ ತೀರ್ಪಿಗೂ, ಸಂಧಾನದ ಒಪ್ಪಂದಕ್ಕೂ ಇದೇ ದಾರಿ. ಈ ಎರಡಕ್ಕಾದರೆ ಹಣ ಬಾಕಿಯಾದ ಒಂದು ವರ್ಷದೊಳಗೆ ಕೇಳಬೇಕು.

ಇಲ್ಲೇ ಕಡತಗಳು ಮಲಗುವುದು. ‘ಆಸ್ತಿ ಪತ್ತೆಯಾಗಿಲ್ಲ’ ಅಂತ ಒಂದು ಸಾಲಿನ ಷರಾ ಬರೆದು ವಾಪಸ್ ಕಳಿಸಿದರೆ ಮತ್ತೆ ಮೊದಲಿನಿಂದ ಓಡಾಟ. ಆ ಷರಾ ಬೀಳದ ಹಾಗೆ ಆಸ್ತಿಯ ವಿವರ ನೀವೇ ಕೊಡಿ. ನಿಮಗೆ ಸಂಬಳ ಜಮಾ ಆಗುತ್ತಿದ್ದ ಬ್ಯಾಂಕ್ ಖಾತೆ, ಶಾಖೆ. ಬಿಲ್ಲಿನ ಮೇಲಿರುವ ಜಿಎಸ್‌ಟಿ ನಂಬರ್. ಶೆಡ್ ಇರುವ ಪ್ಲಾಟ್ ನಂಬರ್. ಒಳಗೆ ಯಾವ ಯಾವ ಮೆಷಿನ್ ಇವೆ ಅನ್ನುವ ಪಟ್ಟಿ, ಅದು ದುಡಿದ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಂಪನಿ ಯಾರಿಗೆ ಮಾಲು ಕಳಿಸುತ್ತಿತ್ತು, ಆ ಗ್ರಾಹಕರಿಂದ ಬರಬೇಕಾದ ಹಣ ಎಷ್ಟು ಅನ್ನುವುದು ಗೊತ್ತಿದ್ದರೆ ಅದೂ ಬೇಕು. ಜೊತೆಗೆ ಒಂದನೇ ಹಂತದಲ್ಲಿ ಮೂಲ ಕಂಪನಿಯನ್ನೂ ಎದುರುದಾರ ಮಾಡಿದ್ದರೆ ವಸೂಲಿಗೆ ಇನ್ನೊಂದು ಬಾಗಿಲಿರುತ್ತದೆ.

ಮಾಲೀಕರು ಅಪೀಲು ಹೋಗಬಹುದು, 90 ದಿನ ಗಡುವು. ಅಷ್ಟರಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿಬಿಟ್ಟರೆ ತಹಶೀಲ್ದಾರರ ದಾರಿ ನಿಂತುಹೋಗುತ್ತದೆ. ಆಗ ಪತ್ರಿಕೆಯಲ್ಲಿ ಬರುವ ಪ್ರಕಟಣೆ ನೋಡಿ, ದಿವಾಳಿ ಪ್ರಕ್ರಿಯೆ ನಡೆಸುವವರಿಗೆ ಅದರಲ್ಲಿ ಹೇಳಿದ ತಾರೀಕಿನೊಳಗೆ ಕ್ಲೇಮ್ ಕಳಿಸಬೇಕು. ಕಂಪನಿ ಮುಚ್ಚಿ ಆಸ್ತಿ ಹಂಚುವ ಹಂತಕ್ಕೆ ಬಂದರೆ, ಅದಕ್ಕೆ ಹಿಂದಿನ 24 ತಿಂಗಳ ಕಾರ್ಮಿಕರ ಬಾಕಿಗೆ ಅಡಮಾನ ಇಟ್ಟುಕೊಂಡ ಬ್ಯಾಂಕುಗಳ ಸಮನಾದ ಸ್ಥಾನ ಇದೆ. ಕ್ಲೇಮಿಗೆ ಲಗತ್ತಿಸಬೇಕಾದ್ದು ಅದೇ ಲೆಕ್ಕದ ಹಾಳೆ, ಅದರ ಹಿಂದೆ ಅಧಿಕಾರಿಯ ಆದೇಶದ ಪ್ರತಿ.